ಬಿಸಿಲಿಗೆ ಮುನಿದ ಹಳದಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬಣ್ಣದ ಪುಡಿ ತಯಾರಿಸುವ ಕಾರ್ಖಾನೆಯ ನಲವತ್ತಾರು ಮೆಟ್ಟಿಲು ಹತ್ತಿ ಬಂದ ಹೆಂಗಸು ಚಾವಣಿಯ ಬಾಗಿಲಿನ ಅಗುಳಿ ಸರಿಸುತ್ತಾರೆ. ಬೆಳಕು ಹರಿದಿದೆ, ಸೂರ್ಯ ಮಾತ್ರ ಇನ್ನೂ ಎದುರಿನ ಗೋದಾಮಿನ ಹಿಂದೆಯೇ ಇದ್ದಾನೆ. ಚಾವಣಿಯ ತುಂಬ ಕಬ್ಬಿಣದ ಚೌಕಟ್ಟುಗಳು, ಅವುಗಳ ಮೇಲೆ ಆಕಾಶಕ್ಕೆ ಮುಖ ಮಾಡಿ ಓರೆಯಾಗಿ ಮಲಗಿದ ನೂರ ಎಂಬತ್ತನಾಲ್ಕು ತಗಡುಗಳು. ಅಂಗೈಯಗಲದ ಒಂದೊಂದು ತಗಡಿಗೂ ಒಂದೊಂದು ಬಗೆಯ ಹಳದಿ ಅಥವಾ ಕಿತ್ತಳೆ ಬಳಿದಿದೆ. ತಗಡಿನ ಅರ್ಧ ಭಾಗಕ್ಕೆ ಮುಚ್ಚಳ, ಇನ್ನರ್ಧ ಬಿಸಿಲು, ಮಳೆ, ಹೊಗೆ, ಹಕ್ಕಿಯ ಹಿಕ್ಕೆ ಎಲ್ಲಕ್ಕೂ ತೆರೆದಿದೆ.

ಹೆಂಗಸು ಮೊದಲ ತಗಡಿನ ಮುಚ್ಚಳದ ತಿರುಪು ಸಡಿಲಿಸಿ ಎರಡು ಅರ್ಧಗಳನ್ನೂ ನೋಡುತ್ತಾರೆ. ಪಕ್ಕದಲ್ಲಿ ಬೂದು ಬಣ್ಣದ ಐದು ಮೆಟ್ಟಿಲಿನ ಪಟ್ಟಿ ಹಿಡಿಯುತ್ತಾರೆ. ಐದು ಅಂದರೆ ವ್ಯತ್ಯಾಸವೇ ಇಲ್ಲ, ಒಂದು ಅಂದರೆ ಬಣ್ಣ ಕೈಬಿಟ್ಟಿತು ಅಂತ ಲೆಕ್ಕ. ಕಪ್ಪು ಬಟ್ಟೆಯಿಂದ ಒಮ್ಮೆ ಒರೆಸಿ ಪುಡಿ ಉದುರುತ್ತದೆಯೇ ಎಂದು ನೋಡಿ, ಪುಸ್ತಕದಲ್ಲಿ ಅಂಕಿ ಬರೆದು, ಮುಚ್ಚಳ ಬಿಗಿದು ಮುಂದಿನದಕ್ಕೆ ಹೋಗುತ್ತಾರೆ. ಈ ಕೆಲಸಕ್ಕೆ ಅವರು 'ಓದುವುದು' ಎನ್ನುತ್ತಾರೆ. ಎಂಟು ಗಂಟೆಯೊಳಗೆ ನೂರ ಎಂಬತ್ತನಾಲ್ಕೂ ಓದಿ ಮುಗಿಯಬೇಕು.

ಅವರು ತೊಡುವ ಮೇಲಂಗಿ ಬೂದು ಬಣ್ಣದ್ದು. ಕಾಲಿನ ಚಪ್ಪಲಿ, ತಲೆಗೆ ಕಟ್ಟಿದ ಬಟ್ಟೆ ಕೂಡ ಬೂದು. ಬಡತನಕ್ಕಾಗಲಿ ವೈರಾಗ್ಯಕ್ಕಾಗಲಿ ಅಲ್ಲ. "ಕೆಂಪು ಬಟ್ಟೆ ಹಾಕ್ಕೊಂಡು ಬಗ್ಗಿ ನೋಡಿದ್ರೆ ಆ ಕೆಂಪು ತಗಡಿನ ಮೇಲೆ ಬೀಳುತ್ತೆ. ನನ್ನ ಸೊಗಸಿಗೆ ಹಳದಿಯ ಲೆಕ್ಕ ತಪ್ಪಬಾರದಲ್ಲ" ಎನ್ನುತ್ತಾರೆ. ಎರಡು ಕೋಣೆಯ ಅವರ ಮನೆಯ ಗೋಡೆಗೂ ಬರೀ ಸುಣ್ಣ. ಮನೆಯಲ್ಲಾದರೂ ಕಣ್ಣಿಗೆ ರಜೆ ಬೇಡವೇ ಎಂಬುದು ಅವರ ವಾದ.

ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು 'ಬಣ್ಣದಕ್ಕ'. ಹಾಜರಿ ಪುಸ್ತಕದಲ್ಲಿ 'ಸಹಾಯಕಿ, ಮೂರನೇ ದರ್ಜೆ'. ವಯಸ್ಸು ಐವತ್ತೆರಡು. ಇಪ್ಪತ್ತನಾಲ್ಕು ವರ್ಷದ ಹಿಂದೆ ಇಲ್ಲಿಗೆ ಮೂಸೆ ತೊಳೆಯಲು ಬಂದವರು. ಬಣ್ಣದ ಮಿಶ್ರಣ ತುಂಬಿ ಕುಲುಮೆಗಿಡುವ ಮಣ್ಣಿನ ಬಟ್ಟಲುಗಳೇ ಮೂಸೆ. ತೊಳೆಯುವಾಗ ಯಾವ ಮೂಸೆಯ ತಳದಲ್ಲಿ ಯಾವ ಬಣ್ಣ ಅಂಟಿದೆ, ಯಾವುದು ಹೊತ್ತಿದೆ, ಯಾವುದು ಬೆಂದಿಲ್ಲ ಎಂಬುದನ್ನು ನೋಡುತ್ತ ನೋಡುತ್ತ ಕಲಿತರು. ಆರು ವರ್ಷದ ಮೇಲೆ ಕುಲುಮೆ ಅವರ ಕೈಗೆ ಬಂತು. ಅದಾದ ಮೇಲೆ ತೂಕ, ಅರೆಯುವುದು, ಬೇಯಿಸುವುದು, ತಗಡಿಗೆ ಬಳಿಯುವುದು, ಚಾವಣಿಯಲ್ಲಿ ಓದುವುದು ಎಲ್ಲವೂ ಒಂದೊಂದಾಗಿ ಅವರ ಹೆಗಲೇರಿದವು. ದರ್ಜೆ ಮಾತ್ರ ಮೂರರಲ್ಲೇ ಕೂತಿದೆ.

ಅವರಿಗೆ ಒಪ್ಪಿಸಿದ ಕೆಲಸ ಹೇಳಲು ಸುಲಭ. ಸೀಸವಿಲ್ಲದ, ಬಿಸಿಲಿಗೆ ಬಾಡದ ಒಂದು ಹಳದಿ ಮತ್ತು ಒಂದು ಕಿತ್ತಳೆ ಬೇಕು. ಕಾರ್ಖಾನೆಯ ಹಳೆಯ ಹಳದಿ ಸೀಸದ್ದು. ಕಣ್ಣು ಕುಕ್ಕುವ ಬಣ್ಣ, ವರ್ಷಗಟ್ಟಲೆ ಮಾಸುವುದಿಲ್ಲ, ತಯಾರಿಸುವುದೂ ಸಲೀಸು. ದೋಷ ಒಂದೇ, ಅದು ಮನುಷ್ಯರನ್ನು ತಿನ್ನುತ್ತದೆ. ಎರಡನೇ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಆ ಪುಡಿಯನ್ನು ಚೀಲಕ್ಕೆ ತುಂಬುತ್ತಿದ್ದರು. ಅವರಲ್ಲಿ ಒಬ್ಬಳು ಬಣ್ಣದಕ್ಕನ ಒಡಹುಟ್ಟಿದ ತಂಗಿ.

"ಅವಳ ಗಂಡ ತೀರಿಕೊಂಡಾಗ ನಾನೇ ಕೈಹಿಡಿದು ಕರ್ಕೊಂಡು ಬಂದೆ. ಮೇಲ್ವಿಚಾರಕರ ಹತ್ರ ನಾನೇ ಬೇಡ್ಕೊಂಡೆ, ನಮ್ಮ ತಂಗಿಗೊಂದು ಕೆಲಸ ಕೊಡಿ ಅಂತ. ಬೇರೆ ಯಾರಾದ್ರೂ ಸೇರಿಸಿದ್ರೆ ಅವರನ್ನ ಬೈಕೊಂಡಾದ್ರೂ ಇರ್ತಿದ್ದೆ" ಎನ್ನುವಾಗ ಬಣ್ಣದಕ್ಕ ಕೈಯಲ್ಲಿದ್ದ ತಿರುಪುಳಿಯನ್ನು ಸುಮ್ಮನೆ ತಿರುಗಿಸುತ್ತಾರೆ.

ಶೆಡ್ಡಿನ ಹೆಂಗಸರಿಗೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ನಡೆಯುತ್ತಿತ್ತು. ರಕ್ತದಲ್ಲಿ ಸೀಸ ಗೆರೆ ದಾಟಿದರೆ ಮೂರು ತಿಂಗಳು ತೋಟದ ಕೆಲಸ. ಗಿಡಕ್ಕೆ ನೀರು ಹಾಕುತ್ತ, ಎಲೆ ಗುಡಿಸುತ್ತ ಇದ್ದರೆ ಸೀಸ ಇಳಿಯುತ್ತದೆ. ಇಳಿಯಿತೋ, ಮತ್ತೆ ಶೆಡ್ಡಿಗೆ. ಬಣ್ಣದಕ್ಕನ ತಂಗಿ ಹೀಗೆ ಐದು ಸಲ ತೋಟಕ್ಕೆ ಹೋಗಿ ಐದು ಸಲ ಮರಳಿದ್ದಳು. ಧೂಳು ಅಳೆಯುವವರಿರಲಿಲ್ಲ, ಧೂಳು ತಡೆಯುವವರಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಆರೋಗ್ಯದ ನಿಯಮ ಮಾಡಿಕೊಂಡು, ಅದನ್ನು ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದರು.

ಸಿಟ್ಟು ಬರುವುದು ಇದಕ್ಕಷ್ಟೇ ಅಲ್ಲ. ಆ ಶೆಡ್ಡನ್ನು ಎಂಟು ವರ್ಷದ ಹಿಂದೆಯೇ ಮುಚ್ಚಬಹುದಿತ್ತು. ಮುಚ್ಚದೆ ಹೋದದ್ದಕ್ಕೆ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಸಾಹೇಬರು ಕಚೇರಿಗೆ ಬರುವ ಸಮಯವೇ ಅದಕ್ಕೆ ಕಾರಣ.

ಎಂಟು ವರ್ಷದ ಹಿಂದೆ ಬಣ್ಣದಕ್ಕ ಬಿಸ್ಮತ್ ಮತ್ತು ವನೇಡಿಯಂ ಎಂಬ ಎರಡು ಲೋಹಗಳ ಪುಡಿ ಬೆರೆಸಿ ಒಂದು ಹಳದಿ ಬೇಯಿಸಿದ್ದರು. ಆ ಬೇಯಿಸಿದ ಸರದಿಗೆ ಮೂವತ್ತೆಂಟು ಎಂಬ ಸಂಖ್ಯೆ. ಸೀಸದ ಹಳದಿಗೆ ಸರಿಸಾಟಿಯಾಗಿ ನಿಲ್ಲುವ ಬಣ್ಣ. ಎಂಟು ತಿಂಗಳು ಚಾವಣಿಯಲ್ಲಿ ಇಟ್ಟು ದಿನವೂ ಬೆಳಗ್ಗೆ ಓದಿದರು. ಒಂದು ದಿನವೂ ನಾಲ್ಕೂವರೆಗಿಂತ ಕೆಳಗೆ ಇಳಿಯಲಿಲ್ಲ. ವರದಿ ಕೆಳಗೆ ಹೋಯಿತು. ನೋಡೋಣ ಎಂದು ದೊಡ್ಡ ಸಾಹೇಬರು ಐದು ಜನರ ಸಮಿತಿಯೊಂದಿಗೆ ಮೇಲೆ ಬಂದರು. ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ.

ಮುಚ್ಚಳ ತೆಗೆದರೆ ಒಂದರ್ಧ ಚಿನ್ನದ ಹಾಗೆ, ಬಿಸಿಲಿಗಿದ್ದ ಅರ್ಧ ಹಳೆಯ ಸಾಸಿವೆಯ ಹಾಗೆ ಕಂದು. ಸಮಿತಿ ಒಂದೇ ಮಾತಿನಲ್ಲಿ 'ಕಪ್ಪಿಟ್ಟಿದೆ' ಎಂದು ಬರೆದುಕೊಂಡಿತು. ಬಣ್ಣದಕ್ಕನೇ ದಂಗಾದರು. ಬೆಳಗ್ಗೆ ಸರಿಯಾಗಿಯೇ ಇತ್ತಲ್ಲ ಎಂದು ಬಾಯಿಬಿಟ್ಟು ಹೇಳಿದರು. "ಬಣ್ಣಕ್ಕೂ ಡ್ಯೂಟಿ ಟೈಮ್ ಇದೆಯೇನಮ್ಮ?" ಎಂದು ದೊಡ್ಡ ಸಾಹೇಬರು ನಕ್ಕರು. ಉಳಿದ ಐವರೂ ನಕ್ಕರು, ಸಾಹೇಬರು ನಕ್ಕ ಮೇಲೆ ನಗದೆ ಇರುವುದು ಹೇಗೆ.

ಮರುದಿನ ಬೆಳಗ್ಗೆ ಬಣ್ಣದಕ್ಕ ಹೋಗಿ ನೋಡಿದರೆ ಎರಡು ಅರ್ಧವೂ ಮತ್ತೆ ಒಂದೇ. ಆಗ ಅವರಿಗೆ ಗುಟ್ಟು ಹೊಳೆಯಿತು. ಈ ಹಳದಿ ಹಾಳಾಗಿರಲಿಲ್ಲ, ಮುನಿಸಿಕೊಂಡಿತ್ತು. ಬಿರುಬಿಸಿಲು ಬಿದ್ದರೆ ಮುಖ ಕಪ್ಪಾಗಿಸುತ್ತದೆ, ಕತ್ತಲಲ್ಲಿ ಕೆಲವು ಗಂಟೆ ಬಿಟ್ಟರೆ ತಾನಾಗಿಯೇ ತಿಳಿಯಾಗುತ್ತದೆ. ಬೆಳಗ್ಗೆಯೇ ಓದುತ್ತಿದ್ದುದರಿಂದ ಅವರಿಗೆ ಅದರ ಮುನಿಸು ಗೊತ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಬಂದವರಿಗೆ ಅದರ ತಿಳಿಮುಖ ಗೊತ್ತಾಗಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ನಾಳೆ ಬೆಳಗ್ಗೆ ಆರಕ್ಕೆ ಒಂದ್ಸಲ ಬನ್ನಿ ಸಾರ್ ಅಂದೆ. ಆರಕ್ಕಾ ಅಂದ್ರು. ನಾನೇನೋ ಹಿಮಾಲಯ ಹತ್ತಿ ಅಂದ ಹಾಗೆ ನೋಡಿದ್ರು" ಎಂದು ಬಣ್ಣದಕ್ಕ ನೆನೆಯುತ್ತಾರೆ. ಸಾಹೇಬರು ಬರುವುದಿಲ್ಲವೆಂದಾದ ಮೇಲೆ ಅವರು ಬೆಳಗ್ಗೆಯೇ ತಗಡು ಬಿಚ್ಚಿ, ಕಪ್ಪು ಕಾಗದದಲ್ಲಿ ಸುತ್ತಿ ಇಟ್ಟುಕೊಂಡು, ಹತ್ತೂವರೆಗೆ ಸಾಹೇಬರ ಮೇಜಿನ ಮೇಲೆ ಬಿಚ್ಚಿ ತೋರಿಸಿದರು. ಬಣ್ಣ ಚಿನ್ನದ ಹಾಗಿತ್ತು. ಸಾಹೇಬರು ಎರಡು ಸಲ ತಿರುಗಿಸಿ ನೋಡಿ ಹೇಳಿದ ಮಾತು ಅವರಿಗೆ ಅಕ್ಷರ ಅಕ್ಷರವೂ ನೆನಪಿದೆ. "ಇದು ಆ ತಗಡಲ್ಲ. ಹೊಸದು ಬಳ್ಕೊಂಡು ಬಂದಿದ್ದೀಯ."

ಹದಿನಾರು ವರ್ಷದ ಕೆಲಸದಲ್ಲಿ ಒಂದು ಅಂಕಿ ಆಚೀಚೆ ಬರೆಯದ ಹೆಂಗಸಿಗೆ ಕಳ್ಳಿ ಎಂಬ ಹೆಸರು ಬಂತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಒಂದು ತಗಡಿಗೆ ಹೋಯಿತು, ಆನೆಯ ಮಾತಿರಲಿ, ಒಂದು ಕ್ಷಮೆಯೂ ಈವರೆಗೆ ಬಂದಿಲ್ಲ. ಮೂವತ್ತೆಂಟರ ಪುಡಿಯನ್ನು ಹೊರಗೆ ಹಾಕಿಸಿದರು, ಬಿಸ್ಮತ್ ಕೆಲಸವನ್ನೇ ನಿಲ್ಲಿಸಿದರು. ಎರಡನೇ ಶೆಡ್ಡಿನಲ್ಲಿ ಸೀಸದ ಹಳದಿ ಮೊದಲಿನಂತೆ ಚೀಲಕ್ಕೆ ಇಳಿಯುತ್ತ ಹೋಯಿತು. ಬಣ್ಣದಕ್ಕ ಆ ತಗಡನ್ನು ಮಾತ್ರ ಎಸೆಯಲಿಲ್ಲ, ಕಪ್ಪು ಕಾಗದದ ಸಮೇತ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು.

ಹೀಗೆ ನಾಲ್ಕು ವರ್ಷ ಕಳೆಯಿತು. ಆ ನಾಲ್ಕು ವರ್ಷದಲ್ಲಿ ತಂಗಿಗೆ ಮೊದಲು ಹೊಟ್ಟೆನೋವು ಶುರುವಾಯಿತು, ಆಮೇಲೆ ರಕ್ತಹೀನತೆ, ಆಮೇಲೆ ಬಲಗೈ. ಮಣಿಕಟ್ಟು ಮೇಲೆತ್ತಲು ಹೋದರೆ ಕೈ ಜೋತುಬೀಳುತ್ತದೆ. ಬಟ್ಟೆ ಹಿಂಡಲು, ಡಬ್ಬಿಯ ಮುಚ್ಚಳ ತಿರುಗಿಸಲು, ತಲೆ ಬಾಚಲು ಅಕ್ಕನೇ ಬೇಕು. "ನಮ್ಮಕ್ಕ ನನ್ನ ಜಡೆ ಎಷ್ಟು ಬಿಗಿಯಾಗಿ ಹಾಕ್ತಾಳೆ ಅಂದ್ರೆ ಹುಬ್ಬು ಮೇಲಕ್ಕೆ ಹೋಗಿರುತ್ತೆ. ಕಾರ್ಖಾನೆ ಮೇಲಿನ ಸಿಟ್ಟೆಲ್ಲ ನನ್ನ ಕೂದಲ ಮೇಲೆ" ಎಂದು ತಂಗಿ ನಗುತ್ತಾಳೆ. ಅಕ್ಕ ನಗುವುದಿಲ್ಲ. ಕಾರ್ಖಾನೆಯ ವೈದ್ಯರು ಬರೆದ ಚೀಟಿಯಲ್ಲಿ 'ಮನೆಗೆಲಸದ ಆಯಾಸ' ಎಂದಿದೆ. ಎರಡು ಕೋಣೆಯ ಮನೆಯಲ್ಲಿ ಕೈ ಬಿದ್ದುಹೋಗುವಷ್ಟು ಮನೆಗೆಲಸ ಯಾವುದಿದ್ದೀತು ಎಂದು ಆ ವೈದ್ಯರನ್ನು ಕೇಳಿದವರಿಲ್ಲ.

ಗಾಳಿ ತಿರುಗಿದ್ದು ಪ್ರಯೋಗಾಲಯಕ್ಕೆ ಹೊಸ ವಿಜ್ಞಾನಿಯೊಬ್ಬರು ಬಂದಾಗ. ಎಲ್ಲರೂ ಅವರನ್ನು 'ಹೊಸ ಮೇಡಂ' ಎನ್ನುತ್ತಾರೆ. ಬಂದ ಮೂರನೇ ವಾರ ಕುಲುಮೆಯ ಮುಂದೆ ಕೂತು ಮಾತಾಡುತ್ತಿದ್ದಾಗ ಬಣ್ಣದಕ್ಕ, ಬೇಡ ಬೇಡವೆನ್ನುತ್ತಲೇ, ಮುನಿಸಿಕೊಳ್ಳುವ ಹಳದಿಯ ಕಥೆ ಹೇಳಿದರು. ಮೇಡಂ ನಗಲಿಲ್ಲ. ಇಂಥ ಹಳದಿ ಬೆಳಕಿಗೆ ಕಪ್ಪಾಗಿ ಕತ್ತಲಲ್ಲಿ ತಿಳಿಯಾಗುವುದು ಉಂಟೆಂದು ತಾವು ಓದಿರುವುದಾಗಿ ಹೇಳಿದರು. ಕಪಾಟಿನ ತಗಡು ಹೊರಗೆ ಬಂತು. ಅದನ್ನು ಸಾಹೇಬರ ಎದುರಿಗೇ ಬಿಸಿಲಿನಷ್ಟೇ ಪ್ರಖರವಾದ ದೀಪದ ಕೆಳಗಿಟ್ಟರು, ಒಂದು ಗಂಟೆಯಲ್ಲಿ ಕಂದಾಯಿತು. ಸಾಹೇಬರದೇ ಮೇಜಿನ ಖಾನೆಯಲ್ಲಿಟ್ಟು ಅವರದೇ ಕೈಯಿಂದ ಬೀಗ ಹಾಕಿಸಿದರು. ಸಂಜೆ ತೆಗೆದಾಗ ಅದು ಚಿನ್ನವಾಗಿತ್ತು.

ಅಲ್ಲಿಗೆ ವಿಷಯ ನಿಜವಾಯಿತು. ಮೂರನೇ ದರ್ಜೆಯ ಹೆಂಗಸು ಕಣ್ಣಿಂದ ಕಂಡು ಹೇಳಿದಾಗ ಸುಳ್ಳು, ಪುಸ್ತಕ ಹೇಳಿದೆ ಎಂದ ಕೂಡಲೇ ಸತ್ಯ. ಆ ವರ್ಷದ ವರದಿಯಲ್ಲಿ 'ಈ ಗುಣವನ್ನು ನಮ್ಮ ಪ್ರಯೋಗಾಲಯದಲ್ಲಿ ಗಮನಿಸಲಾಯಿತು' ಎಂದು ಅಚ್ಚಾಗಿದೆ. ಗಮನಿಸಿದ್ದು ಯಾರು, ಚಾವಣಿಯ ಪಾರಿವಾಳವೇ? ಹೊಸ ಮೇಡಂ ಕರಡಿನಲ್ಲಿ ಬಣ್ಣದಕ್ಕನ ಹೆಸರು ಸೇರಿಸಿದ್ದರಂತೆ, ಮೇಲಿನ ಮಹಡಿಯಿಂದ ಇಳಿದು ಬರುವಾಗ ಅದು ಉದುರಿಹೋಗಿತ್ತು. "ಹೆಸರು ಹೋದ್ರೆ ಹೋಗ್ಲಿ. ಕೆಲಸ ಮತ್ತೆ ಶುರು ಮಾಡಿದ್ರಲ್ಲ ಅಂತ ಸಮಾಧಾನ ಮಾಡ್ಕೊಂಡೆ" ಎನ್ನುತ್ತಾರೆ ಅವರು. ಅವರು ಸಮಾಧಾನ ಮಾಡಿಕೊಳ್ಳಬಹುದು. ಓದುವ ನಾವು ಮಾಡಿಕೊಳ್ಳಬೇಕೆಂದೇನಿಲ್ಲ.

ಈಗ ಹಳದಿಯ ಮುನಿಸು ಬಿಡಿಸಬೇಕಿತ್ತು. ಪ್ರತಿ ಕಣದ ಮೇಲೂ ಗಾಜಿನಂಥ ತೆಳು ಪೊರೆ ಹೊದಿಸಿದರೆ ಆದೀತು ಎಂದು ಹೊಸ ಮೇಡಂ ಹೇಳಿದರು. ಪೊರೆ ದಪ್ಪವಾದರೆ ಬಣ್ಣ ಮಂಕು, ತೆಳುವಾದರೆ ಮುನಿಸು ಹಾಗೇ ಇರುತ್ತದೆ. ಬೆಳಗ್ಗೆ ಓದಿ ಕೆಳಗಿಳಿದರೆ ತೂಕ, ಆಮೇಲೆ ಎರಡು ಗಂಟೆ ಅರೆಯುವುದು, ಆರುನೂರ ಐವತ್ತು ಡಿಗ್ರಿಯ ಕುಲುಮೆಯಲ್ಲಿ ಮೂರು ಗಂಟೆ, ಪೊರೆಯ ತೊಟ್ಟಿಯಲ್ಲಿ ಕದಡುವುದು, ಸೋಸುವುದು, ಒಣಗಿಸುವುದು. ನೂರ ಎಪ್ಪತ್ತಕ್ಕೂ ಹೆಚ್ಚು ಸಲ ಬೇಯಿಸಿದ್ದಾರೆ. ಕಿತ್ತಳೆಗೆ ತವರ, ಸತು, ಟೈಟಾನಿಯಂ ಬೇರೆ, ಅದರ ಕುಲುಮೆಯ ಉರಿ ಇನ್ನೂ ಜೋರು. ಅವರ ಎಡ ಮೊಣಕೈಯಿಂದ ಬೆರಳಿನವರೆಗೆ ಸುಟ್ಟ ಕಲೆಗಳಿವೆ. "ಕಿತ್ತಳೆ ಒಳ್ಳೇದು, ಮುನಿಸು ಗಿನಿಸು ಇಲ್ಲ. ಆದ್ರೆ ಮಹಾ ಮೊಂಡು. ಹದ ಬರೋವರೆಗೆ ಕೈ ಸುಡ್ದೆ ಬಿಡಲ್ಲ" ಎಂದು ಮಕ್ಕಳ ದೂರು ಹೇಳುವಂತೆ ಹೇಳುತ್ತಾರೆ.

ಕೊನೆಗೆ ಇನ್ನೂರ ಹನ್ನೆರಡನೆಯ ಸರದಿ ಗೆದ್ದಿತು. ಮೊದಲ ದಿನದಿಂದಲೇ ಅದನ್ನು ಬಣ್ಣದಕ್ಕ ದಿನಕ್ಕೆ ಎರಡು ಸಲ ಓದುತ್ತ ಬಂದರು, ಬೆಳಗ್ಗೆ ಆರಕ್ಕೊಮ್ಮೆ, ನಡುಮಧ್ಯಾಹ್ನ ಹನ್ನೆರಡೂವರೆಗೊಮ್ಮೆ. ರಜೆಯ ದಿನವೂ ಬಿಡಲಿಲ್ಲ. ಎರಡು ವರ್ಷ ಹತ್ತು ತಿಂಗಳಲ್ಲಿ ಜ್ವರ ಬಂದ ಎರಡು ದಿನ ಮಾತ್ರ ಹೊಸ ಮೇಡಂ ಓದಿದ್ದಾರೆ, ಆ ಎರಡು ದಿನದ ಮುಂದೆ ಮೇಡಂ ಹೆಸರೇ ಇದೆ. ಬೆಳಗಿಗೂ ಮಧ್ಯಾಹ್ನಕ್ಕೂ ಒಂದು ದಿನವೂ ಅಂತರ ಕಾಣಲಿಲ್ಲ.

ಕಳೆದ ತಿಂಗಳು ಸಮಿತಿ ಮತ್ತೆ ಮೇಲೆ ಬಂತು. ಹಿಂದಿನ ದಿನ ಉಗ್ರಾಣದವರು ಬಣ್ಣದಕ್ಕನನ್ನು ಪಕ್ಕಕ್ಕೆ ಕರೆದು, ಸಾಹೇಬರು ಬರುವವರೆಗೆ ತಗಡುಗಳ ಮೇಲೆ ಗೋಣಿತಾಟು ಹೊದಿಸಿಡಿ, ಯಾತಕ್ಕೂ ಇರಲಿ ಎಂದು ಕಿವಿಮಾತು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಬಿಸಿಲಿಗೆ ಅಂತ ಇಟ್ಟಿರೋ ಬಣ್ಣಕ್ಕೆ ಕೊಡೆ ಹಿಡಿಯೋದಾ ಅಣ್ಣ? ಅವತ್ತು ಮಾಡದೇ ಇರೋ ಮೋಸಕ್ಕೆ ಬೈಸ್ಕೊಂಡೆ. ಇವತ್ತು ಮೋಸ ಮಾಡಿ ಹೊಗಳಿಸ್ಕೋಬೇಕಾ?" ಎಂದು ಇವರು ಕೇಳಿದರು. ಸಮಿತಿಗೆ ಮಧ್ಯಾಹ್ನ ಹನ್ನೆರಡೂವರೆಗೇ ಬನ್ನಿ ಎಂದು ಹೇಳಿಕಳಿಸಿದವರೂ ಇವರೇ. ಬಂದರು, ಮುಚ್ಚಳ ತೆಗೆದರು, ಎರಡು ಅರ್ಧವೂ ಒಂದೇ ಇತ್ತು. ಯಾರೂ ನಗಲಿಲ್ಲ.

ಇಷ್ಟಕ್ಕೆ ಎರಡನೇ ಶೆಡ್ಡು ಮುಚ್ಚಬೇಕಿತ್ತು ತಾನೇ? ಮುಚ್ಚಲಿಲ್ಲ. ಹೊಸ ಹಳದಿಯನ್ನು ಮಕ್ಕಳ ಉಯ್ಯಾಲೆ, ಜಾರುಬಂಡಿ, ಶಾಲೆಯ ಬೆಂಚುಗಳಿಗೆ ಬಣ್ಣ ಮಾಡುವವರು ಕೊಳ್ಳುತ್ತಾರೆ, ಹಳೆಯದನ್ನು ಕೇಳುವವರೂ ಇದ್ದಾರೆ, 'ಬೇಡಿಕೆ ಇರುವವರೆಗೆ' ಎರಡೂ ಇರಲಿ ಎಂದು ತೀರ್ಮಾನವಾಯಿತು. ಆಡುವ ಮಕ್ಕಳ ಕೈಗೆ ಸೀಸ ತಾಗಬಾರದು, ಚೀಲ ತುಂಬುವ ಹೆಂಗಸರ ಕೈಗೆ ತಾಗಿದರೆ ತೋಟವಿದೆಯಲ್ಲ. ಆ ವಾರವೇ ಬಣ್ಣದಕ್ಕನ ತಂಗಿಗೆ ತೋಟದ ಅವಧಿ ಮುಗಿದು, ಮತ್ತೆ ಶೆಡ್ಡಿಗೆ ಬರಬೇಕೆಂಬ ಚೀಟಿ ಬಂತು. ಆರನೆಯ ಸಲ.

ಆದರೆ ಸಾಹೇಬರು ಒಂದು ಕಡೆ ಎಡವಿದರು. ಉಯ್ಯಾಲೆಯ ಬಣ್ಣದವರು ಬುದ್ಧಿವಂತರು, ಯಂತ್ರದ ದೀಪದ ಪರೀಕ್ಷೆ ಸಾಲದು, ನಿಜವಾದ ಬಿಸಿಲಿನ ಅಂಕಿ ಬೇಕು, ಪ್ರತಿ ಹಾಳೆಯ ಕೆಳಗೆ ತಗಡನ್ನು ತನ್ನ ಕಣ್ಣಿಂದ ನೋಡಿದವರ ರುಜುವೇ ಬೇಕು ಎಂದು ಪಟ್ಟುಹಿಡಿದರು. ಇಷ್ಟು ವರ್ಷ ತಿಂಗಳ ಸಾರಾಂಶದ ಕೆಳಗೆ ರುಜು ಹಾಕುತ್ತಿದ್ದವರು ಸಾಹೇಬರು. ಹಾಳೆಗಳ ಕೆಳಗೆ ಓದಿದವರ ರುಜುವಿನ ಜಾಗ ಖಾಲಿ. ತಿಂಗಳಿಗೊಂದರಂತೆ ಮೂವತ್ತನಾಲ್ಕು ಹಾಳೆ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಕಾರ್ಖಾನೆಗೆ ಬಣ್ಣದಕ್ಕನ ಹೆಸರು ಬೇಕಾಯಿತು.

ಸಾಹೇಬರು ಕೋಣೆಗೆ ಕರೆಸಿ ಕುರ್ಚಿ ತೋರಿಸಿದರು. ಅದೂ ಮೊದಲ ಸಲವೇ. ಹಾಳೆಗಳನ್ನು ಮುಂದಿಟ್ಟು ಪೆನ್ನು ಕೊಟ್ಟರು. ಬಣ್ಣದಕ್ಕ ಪೆನ್ನು ಮುಟ್ಟಲಿಲ್ಲ.

"ಹಾಕ್ತೀನಿ ಸಾರ್. ಎರಡನೇ ಶೆಡ್ಡಿನ ಯಂತ್ರ ಬಿಚ್ಚಿದ ದಿನ ಹಾಕ್ತೀನಿ."

"ಇದೇನು, ಬೆದರಿಕೇನಾ?"

"ಬೆದರಿಕೆ ಅಲ್ಲ ಸಾರ್. ನೋಡಿದವರ ರುಜು ಬೇಕು ಅಂದ್ರಿ. ಚಾವಣಿ ನೋಡಿದ್ದು ನಾನೇ, ಶೆಡ್ಡು ನೋಡಿದ್ದೂ ನಾನೇ. ಒಂದನ್ನ ಮಾತ್ರ ನೋಡಿದ್ದೀನಿ ಅಂತ ಹೇಗೆ ಬರೀಲಿ?"

ಕೆಲಸ ಹೋದೀತು ಎಂದು ಹೆದರಿಸಿದರು. ಮೂಸೆ ತೊಳೆಯಲು ಮತ್ತೆ ಹಾಕಿದರು, ತೊಳೆದರು. ಹೊಸ ಮೇಡಂ ಬಳಿ ಹೋಗಿ ನೀವೇ ರುಜು ಹಾಕಿಬಿಡಿ ಎಂದರು. ತಾನು ನೋಡಿದ್ದು ಎರಡು ದಿನ, ಎರಡು ದಿನಕ್ಕೆ ಬೇಕಾದರೆ ಹಾಕುತ್ತೇನೆ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದರು. ತಂಗಿ ಚೀಟಿ ಹಿಡಿದು ಶೆಡ್ಡಿನ ಬಾಗಿಲವರೆಗೆ ಹೋದಳು, ಒಳಗೆ ಹೋಗಲಿಲ್ಲ. ಉಳಿದ ಹತ್ತು ಮಂದಿಯೂ ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತರು. ಗಲಾಟೆ, ಘೋಷಣೆ ಏನೂ ಇಲ್ಲ, ಸುಮ್ಮನೆ ಕೂತರು. ಹೀಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಉಯ್ಯಾಲೆಯ ಬಣ್ಣದವರು ಹಾಳೆ ಎಲ್ಲಿ ಎಂದು ಎರಡನೇ ಸಲ ಕೇಳಿದರು. ಹನ್ನೊಂದನೆಯ ದಿನ ಫಿಟ್ಟರುಗಳು ಸ್ಪಾನರ್ ಹಿಡಿದು ಎರಡನೇ ಶೆಡ್ಡಿಗೆ ಬಂದರು.

ಹನ್ನೊಂದೂ ಹೆಂಗಸರು ಈಗ ಹೊಸ ಹಳದಿಯ ಕಡೆ ಇದ್ದಾರೆ. ತಂಗಿಗೆ ಚೀಲಗಳ ಮೇಲೆ ಚೀಟಿ ಅಂಟಿಸುವ ಕೆಲಸ, ಎಡಗೈಯಿಂದ ಮಾಡುತ್ತಾಳೆ. ಬಲಗೈ ಇನ್ನು ಪೂರ್ತಿ ಸರಿಹೋಗುವ ಭರವಸೆ ಇಲ್ಲವೆಂದು ಹೊರಗಿನ ವೈದ್ಯರು ಹೇಳಿದ್ದಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಎಂದು ಶೆಡ್ಡಿನ ಹಿರಿಯ ಹೆಂಗಸೊಬ್ಬರು ಹೇಳುತ್ತಾರೆ. ಕಾರ್ಖಾನೆಯ ಪ್ರಕಟಣೆಯಲ್ಲಿ ಮಾತ್ರ ಶೆಡ್ಡು ಮುಚ್ಚಿದ್ದು 'ಕಾರ್ಮಿಕರ ಹಿತದೃಷ್ಟಿಯಿಂದ ಆಡಳಿತ ತಾನಾಗಿಯೇ ಕೈಗೊಂಡ ಕ್ರಮ'.

ಬಣ್ಣದಕ್ಕ ಮೂವತ್ತನಾಲ್ಕು ಹಾಳೆಗೂ ಚಾವಣಿಯಲ್ಲೇ ಕೂತು, ಚೌಕಟ್ಟಿನ ಮೇಲೆ ಹಾಳೆ ಇಟ್ಟುಕೊಂಡು, ಪೂರ್ತಿ ಹೆಸರು ಬಿಡಿಸಿ ಬಿಡಿಸಿ ರುಜು ಹಾಕಿದ್ದಾರೆ. ಇಷ್ಟೆಲ್ಲ ಆದ ಮೇಲೆ ಪತ್ರಿಕೆಯಲ್ಲಿ ಏನು ಬರೆಯಬೇಕೆಂದು ಕೇಳಿದರೆ, ತಗಡಿನಿಂದ ಕಣ್ಣೆತ್ತದೆ ಮುಚ್ಚಳದ ತಿರುಪು ಬಿಗಿಯುತ್ತಾರೆ.

"ನಮ್ಮ ತಂಗಿ ಕೈಗೆ ನಾಲ್ಕು ವರ್ಷ ತಡವಾಯ್ತು. ಬಣ್ಣ ತಡ ಮಾಡ್ಲಿಲ್ಲ. ಅಷ್ಟು ಬರೀರಿ ಸಾಕು."